ದೈವದ ಪಾಲು, ಮೋನಪ್ಪಣ್ಣನ ಮಾತ್ರೆ

ಈ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯರು ನನ್ನಲ್ಲಿ ಮೊದಲು ಕೇಳುವುದು, ಕುಡುಕರು ಹೊಡೆಯುತ್ತಾರಾ ಸಿಸ್ಟರ್ ಎಂದು. ಇಷ್ಟು ವರ್ಷದಲ್ಲಿ ನನ್ನ ಮೇಲೆ ಕೈ ಎತ್ತಿದ್ದು ಒಬ್ಬನೇ. ಕುಡಿತ ನಿಲ್ಲಿಸಿದ ಮೂರನೆಯ ದಿನ, ತಲೆ ಸ್ಥಿಮಿತದಲ್ಲಿರಲಿಲ್ಲ. ಆ ಹೊತ್ತಿಗೆ ಅವನು ನನ್ನನ್ನು ತನ್ನ ಮಾವ ಎಂದು ತಿಳಿದಿದ್ದ. ಎಚ್ಚರವಾದ ಮೇಲೆ ಎಷ್ಟು ನಾಚಿದನೆಂದರೆ, ಬಿಡುಗಡೆಯಾಗುವವರೆಗೂ ನನಗೆ ಬೆನ್ನು ಹಾಕಿಯೇ ಮಲಗಿದ. ಆದ್ದರಿಂದ ಹೆದರಬೇಕಾಗಿಲ್ಲ. ಹೆದರಬೇಕಾದ್ದು ಬೇರೆ ಒಂದಿದೆ. ಅದನ್ನು ಹೇಳಲಿಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಹುಟ್ಟಿದ್ದು ಪಂಜದ ಹತ್ತಿರ. ಶುಶ್ರೂಷೆಯ ತರಬೇತಿ ಮಂಗಳೂರಿನಲ್ಲಿ. ಆಮೇಲೆ ಪುತ್ತೂರು, ಸುಳ್ಯ, ಕಡಬ ಈ ಮೂರು ಊರುಗಳ ಸುತ್ತಲೇ ದುಡಿದು ನಿವೃತ್ತಳಾದೆ. ಕೊನೆಯ ಹದಿನೈದು ವರ್ಷ ಒಂದು ಸಣ್ಣ ಖಾಸಗಿ ಆಸ್ಪತ್ರೆಯಲ್ಲಿ, ಕುಡಿತ ಬಿಡಿಸುವ ವಿಭಾಗದ ಹೊಣೆ ಹೊತ್ತಿದ್ದೆ. ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ರೋಗಿಗಳ ಹೆಸರನ್ನು ಬದಲಿಸಿದ್ದೇನೆ.

ತರಬೇತಿಯ ಕಾಲದಲ್ಲಿ ನಮ್ಮ ಮೇಟ್ರನ್ ಮಂಚದ ಕಬ್ಬಿಣದ ಅಡಿಭಾಗಕ್ಕೆ ಬೆರಳು ಹಾಯಿಸಿ, ಧೂಳು ಸಿಕ್ಕಿದರೆ ಆ ಬೆರಳನ್ನು ನಮ್ಮ ಬಿಳಿ ಏಪ್ರನ್ನಿಗೆ ಒರೆಸುತ್ತಿದ್ದರು. ಬೈಯುತ್ತಿರಲಿಲ್ಲ. ಆ ಗುರುತು ಹೊತ್ತುಕೊಂಡು ಇಡೀ ದಿನ ಓಡಾಡಬೇಕಿತ್ತು. ಅಲ್ಲಿ ಕಲಿತ ಶಿಸ್ತು ನನ್ನನ್ನು ಬಿಡಲಿಲ್ಲ. ಬೆಳಿಗ್ಗೆ ಐದಕ್ಕೆ ಏಳುವುದು, ಕೆಲಸಕ್ಕೆ ಹದಿನೈದು ನಿಮಿಷ ಮೊದಲು ಹಾಜರಾಗುವುದು, ಮಾತ್ರೆ ಕೊಟ್ಟ ಮೇಲೆ ರೋಗಿಯ ನಾಲಗೆ ಎತ್ತಿಸಿ ನೋಡುವುದು. ಕುಡಿತದ ವಿಭಾಗಕ್ಕೆ ಬಂದಾಗ ನಾನೇ ಒಂದು ಪ್ರಶ್ನೆಗಳ ಹಾಳೆ ತಯಾರಿಸಿದೆ. ಹದಿನೆಂಟು ಪ್ರಶ್ನೆ. ಎಷ್ಟು ವರ್ಷದಿಂದ ಕುಡಿತ, ದಿನಕ್ಕೆಷ್ಟು, ಬೆಳಿಗ್ಗೆ ಕೈ ನಡುಗುತ್ತದೆಯೇ, ಕೊನೆಯ ಸಲ ಕುಡಿದದ್ದು ಯಾವಾಗ, ಹೀಗೆ. ಯಾರು ಬಂದರೂ ಅದೇ ಕ್ರಮ. ಆಗಿನ ನಮ್ಮ ಹಿರಿಯ ವೈದ್ಯರು ಆ ಹಾಳೆಯನ್ನು ಹೊರಗಿನಿಂದ ಬಂದವರಿಗೆ ತೋರಿಸುತ್ತಿದ್ದರು. ನನಗೂ ಅದರ ಬಗ್ಗೆ ಹೆಮ್ಮೆ ಇತ್ತು.

ಆಗ ನಮ್ಮಲ್ಲಿ ಬಳಕೆಯಲ್ಲಿದ್ದದ್ದು ಡೈಸಲ್ಫಿರಾಮ್ ಎಂಬ ಹಳೆಯ ಮಾತ್ರೆ. ಅದು ಕುಡಿಯುವ ಆಸೆಯನ್ನು ಮುಟ್ಟುವುದಿಲ್ಲ. ಹೆದರಿಸುತ್ತದೆ, ಅಷ್ಟೇ. ಮಾತ್ರೆ ತಿನ್ನುತ್ತಿರುವವನು ಸ್ವಲ್ಪ ಕುಡಿದರೂ ಮುಖ ಕೆಂಪಾಗಿ, ಎದೆ ಡವಗುಟ್ಟಿ, ವಾಂತಿಯಾಗಿ, ರಕ್ತದ ಒತ್ತಡ ಬಿದ್ದುಹೋಗುತ್ತದೆ. ಅದಕ್ಕೇ ಮೊದಲು ರೋಗಿಯಿಂದ ಸಹಿ ಪಡೆಯುತ್ತಿದ್ದೆವು, ಮದ್ಯ ಮುಟ್ಟುವುದಿಲ್ಲ ಎಂದು. ಕೆಲವರು ಆ ಹೆದರಿಕೆಯಿಂದಲೇ ಬಿಟ್ಟರು. ಬಹಳ ಮಂದಿ ಬಿಟ್ಟದ್ದು ಮಾತ್ರೆಯನ್ನು.

ಮೋನಪ್ಪಣ್ಣ ಬಂದದ್ದು ಆ ಕಾಲದಲ್ಲಿ. ಪಂಪುಸೆಟ್ಟು ರಿಪೇರಿಯ ಮನುಷ್ಯ, ವಯಸ್ಸು ನಲವತ್ತೈದರ ಹತ್ತಿರ. ಮೋಟಾರಿನ ಕಾಯಿಲ್ ಸುತ್ತುವುದರಲ್ಲಿ ಅವನ ಕೈಗೆ ಸಾಟಿ ಇರಲಿಲ್ಲವಂತೆ. ಮಂಡೆಕೋಲಿನಿಂದ ಗಡಿ ದಾಟಿ ಕೇರಳದ ಕಡೆಯಿಂದಲೂ ಮೋಟಾರು ಹೊತ್ತು ತರುತ್ತಿದ್ದರಂತೆ. ಕೈ ನಡುಗಲು ಶುರುವಾದ ಮೇಲೆ ತಂತಿ ಸಡಿಲಾಗುತ್ತದೆ ಎಂದು ಅವನೇ ಬಂದು ಸೇರಿದ. ಜತೆಗೆ ಹೆಂಡತಿ ಸುಶೀಲಾ ಇದ್ದಳು. ಹದಿನೆಂಟು ಪ್ರಶ್ನೆ ಕೇಳಿದೆ. ಹದಿನೆಂಟಕ್ಕೂ ಸರಿಯಾಗಿ ಉತ್ತರ ಕೊಟ್ಟ. ಸಹಿ ಹಾಕಿದ. ಎರಡು ತಿಂಗಳು ದಿನ ತಪ್ಪದೆ ಮಾತ್ರೆ ತಿಂದ, ಒಂದು ತೊಟ್ಟು ಕುಡಿಯಲಿಲ್ಲ. ಕೈ ನಡುಕ ನಿಂತಿತು.

ಒಂದು ಸಂಜೆ ಏಳು ಗಂಟೆಗೆ ಅವನನ್ನು ಜೀಪಿನಲ್ಲಿ ಮಲಗಿಸಿಕೊಂಡು ಬಂದರು. ಮೈಮೇಲೆ ಬಿಳಿ ಪಂಚೆ, ಹೆಗಲಲ್ಲಿ ಶಾಲು. ಮುಖ ಕೆಂಡದಂತೆ ಕೆಂಪು, ನಾಡಿ ಓಡುತ್ತಿತ್ತು, ಒತ್ತಡ ತೀರಾ ಕೆಳಗೆ. ಕಂಡ ಕೂಡಲೇ ನನಗೆ ಗೊತ್ತಾಯಿತು. ಕುಡಿದಿರಾ ಎಂದು ಕೇಳಿದೆ. ಆ ಸ್ಥಿತಿಯಲ್ಲೂ ಅವನು ಕಣ್ಣು ಬಿಟ್ಟು ನನ್ನನ್ನೇ ನೋಡಿ ಹೇಳಿದ:

"ಇಲ್ಲ ಸಿಸ್ಟರೇ. ದೈವದ ಪ್ರಸಾದ ಬಾಯಿಗೆ ಬಿಟ್ಟದ್ದು, ಅಷ್ಟೆ."

ಅವರ ಕುಟುಂಬದ ದೈವಕ್ಕೆ ವರ್ಷಕ್ಕೊಮ್ಮೆ ಅಗೇಲು ಬಡಿಸುವ ಕ್ರಮವಿದೆ. ಬಾಳೆಲೆಯಲ್ಲಿ ಅನ್ನ, ಕೋಳಿ ಪದಾರ್ಥ, ದೊನ್ನೆಯಲ್ಲಿ ಶರಾಬು ಇಟ್ಟು ಪ್ರಾರ್ಥನೆ ಮಾಡುವುದು. ತಂದೆಯ ಕಾಲದ ನಂತರ ಬಡಿಸುವ ಕೆಲಸ ಹಿರಿಯ ಮಗನಾದ ಮೋನಪ್ಪಣ್ಣನದ್ದು. ಬಡಿಸಿದವನು ದೊನ್ನೆಯಿಂದ ಮೊದಲು ತಾನು ಪ್ರಸಾದ ತೆಗೆದುಕೊಂಡು, ಆಮೇಲೆ ಕುಟುಂಬದ ಗಂಡಸರಿಗೆ ಕೊಡಬೇಕು. ಅವನು ಒಂದು ಗುಟುಕು ತೆಗೆದುಕೊಂಡ. ಹತ್ತು ನಿಮಿಷದಲ್ಲಿ ದೈವದ ಎದುರೇ ಕುಸಿದು ಬಿದ್ದ.

ಇಲ್ಲಿ ನನ್ನ ತಪ್ಪೇನೆಂದು ಸ್ಪಷ್ಟವಾಗಿ ಬರೆಯಬೇಕು. ನನ್ನ ಹಾಳೆಯಲ್ಲಿ ಪ್ರಸಾದದ ಪ್ರಶ್ನೆ ಇರಲಿಲ್ಲ. ಹೊರ ಊರಿನವಳಾಗಿದ್ದರೆ ತಿಳಿಯದೆ ಬಿಟ್ಟೆ ಎನ್ನಬಹುದಿತ್ತು. ನಾನು ಇಲ್ಲಿಯವಳು. ನನ್ನ ತಂದೆ ಜೀವಮಾನದಲ್ಲಿ ಕುಡಿಯದವರು ಎಂದು ಈಗಲೂ ಹೇಳುತ್ತೇನೆ. ಅವರೂ ಪ್ರತಿ ವರ್ಷ ದೊನ್ನೆಯಿಂದ ಪ್ರಸಾದ ತೆಗೆದುಕೊಳ್ಳುತ್ತಿದ್ದರು. ಅದನ್ನು ನಮ್ಮ ಕಡೆ ಯಾರೂ ಕುಡಿಯುವುದು ಎನ್ನುವುದಿಲ್ಲ. ಮೋನಪ್ಪಣ್ಣ ಸುಳ್ಳು ಹೇಳಲಿಲ್ಲ. ಅವನಿಗೆ ಅದು ಮದ್ಯವಲ್ಲ. ನನಗೂ ಆಗಿರಲಿಲ್ಲ. ಅದು ಮದ್ಯವೆಂದು ತಿಳಿದದ್ದು ಮಾತ್ರೆಗೆ ಮಾತ್ರ.

ಸಲೈನು, ಆಮ್ಲಜನಕ ಕೊಟ್ಟೆವು. ರಾತ್ರಿ ಊಟದ ಹೊತ್ತಿಗೆ ಚೇತರಿಸಿಕೊಂಡ. ಹೊರಗೆ ಬೆಂಚಿನಲ್ಲಿ ಅವನ ಕುಟುಂಬದವರು ಕೂತು ತೀರ್ಮಾನಕ್ಕೆ ಬಂದಾಗಿತ್ತು. ಕುಡಿದು ಕುಡಿದು ಮೈಲಿಗೆಯಾದವನ ಕೈಯಿಂದ ಬಡಿಸಿದ್ದು ದೈವಕ್ಕೆ ಬೇಡವಾಯಿತು, ಅದಕ್ಕೇ ಎದುರಲ್ಲೇ ಬೀಳಿಸಿತು ಎಂದು. ನಾನು ವೈದ್ಯರ ಕೋಣೆಗೆ ಹೋಗಿ, ಅವರಿಗೆ ನಿಜ ಹೇಳಬೇಡವೇ ಎಂದು ಕೇಳಿದೆ. ವೈದ್ಯರು ಕೆಟ್ಟವರಲ್ಲ. ದಣಿದಿದ್ದರು. ನಮ್ಮ ಕಡತದಲ್ಲಿ ಸಹಿ ಇದೆ, ನಾವು ಹೇಳಿದ್ದನ್ನು ಅವನು ಮೀರಿದ, ದೈವದ ವಿಷಯಕ್ಕೆ ನಾವು ಬಾಯಿ ಹಾಕಿದರೆ ನಾಳೆ ಜನ ಸೇರಿಸಿಕೊಂಡು ಬರುತ್ತಾರೆ ಎಂದರು. ನಾನು ಕಡತ ತೆರೆದು ನೋಡಿದೆ. ಸಹಿ ಇತ್ತು. ಹದಿನೆಂಟು ಉತ್ತರಗಳೂ ನನ್ನದೇ ಅಕ್ಷರದಲ್ಲಿ ಚೆನ್ನಾಗಿದ್ದವು. ಕಡತ ಮುಚ್ಚಿ ಸುಮ್ಮನಾದೆ.

ಬಡಿಸುವ ಕೆಲಸ ತಮ್ಮ ಶೇಖರನಿಗೆ ಹೋಯಿತು. ಮೋನಪ್ಪಣ್ಣ ಮಾತ್ರೆಯನ್ನೂ ಆಸ್ಪತ್ರೆಯನ್ನೂ ಬಿಟ್ಟ. ಆಮೇಲೆ ಒಮ್ಮೆ ಸುಳ್ಯದ ಬಸ್‌ಸ್ಟ್ಯಾಂಡಿನಲ್ಲಿ ಸುಶೀಲಾ ಸಿಕ್ಕಿದಳು. ಅವನು ಈಗ ಬೆಳಿಗ್ಗೆಯೇ ಶುರು ಮಾಡುತ್ತಾನೆ, ಅಗೇಲಿನ ದಿನ ಮನೆಯಲ್ಲಿ ಇರುವುದೇ ಇಲ್ಲ, ಅಂಗಡಿಗೆ ಹೋಗಿ ಕೂತುಬಿಡುತ್ತಾನೆ ಎಂದಳು. ದೈವಕ್ಕೇ ಬೇಡದವನು ಇನ್ನು ಯಾರಿಗೆ ಬೇಕು ಎನ್ನುತ್ತಾನಂತೆ. ಆಗಲೂ ನಾನು ಹೇಳಬಹುದಿತ್ತು. ಬಸ್ಸು ಬಂತು.

ನಾಲ್ಕು ವರ್ಷದೊಳಗೆ ನಮ್ಮಲ್ಲಿ ಎರಡು ಬದಲಾವಣೆಗಳಾದವು. ಹಿರಿಯ ವೈದ್ಯರು ಹೋಗಿ ಅವರ ಜಾಗಕ್ಕೆ ಒಬ್ಬ ಚಿಕ್ಕ ವಯಸ್ಸಿನ ಮನೋವೈದ್ಯೆ ಬಂದರು. ಅವರೊಂದಿಗೆ ನಾಲ್ಟ್ರೆಕ್ಸೋನ್ ಎಂಬ ಮಾತ್ರೆಯೂ ಬಂತು. ಅದು ಬೇರೆ ಕಡೆ ಮೊದಲೇ ಇತ್ತು, ನಮಗೆ ಹೊಸದು.

ಅದು ಹೇಗೆ ಕೆಲಸ ಮಾಡುತ್ತದೆಂದು ಅವರು ನನಗೆ ಒಂದು ಮಧ್ಯಾಹ್ನ ಕೂರಿಸಿ ಹೇಳಿಕೊಟ್ಟರು. ನಮ್ಮ ಮಿದುಳು ತಾನಾಗಿಯೇ ಅಫೀಮಿನ ಗುಣದ ಕೆಲವು ವಸ್ತುಗಳನ್ನು ತಯಾರಿಸುತ್ತದೆ. ಪೆಟ್ಟಾದಾಗ ನೋವು ತಗ್ಗಿಸುವುದು, ಉಂಡಾಗ, ನಕ್ಕಾಗ ಹಿತ ಕೊಡುವುದು ಅವುಗಳ ಕೆಲಸ. ಅವು ಬಂದು ಕೂರಲು ಮಿದುಳಿನಲ್ಲಿ ಗೊತ್ತಾದ ಜಾಗಗಳಿವೆ; ಗ್ರಾಹಕಗಳು ಎನ್ನುತ್ತಾರೆ. ಮದ್ಯ ಒಳಗೆ ಹೋದಾಗ ಈ ವಸ್ತುಗಳು ಹೆಚ್ಚು ಬಿಡುಗಡೆಯಾಗಿ ಆ ಜಾಗಗಳಲ್ಲಿ ಕೂರುತ್ತವೆ. ಆ ಸುಖದ ನೆನಪೇ ಇನ್ನೊಂದು ಗ್ಲಾಸು ಕೇಳಿಸುತ್ತದೆ. ನಾಲ್ಟ್ರೆಕ್ಸೋನ್ ಮೊದಲೇ ಹೋಗಿ ಅಲ್ಲಿ ಕೂತಿರುತ್ತದೆ. ತಾನು ಸುಖ ಕೊಡುವುದಿಲ್ಲ, ಬೇರೆಯವರಿಗೆ ಜಾಗವನ್ನೂ ಬಿಡುವುದಿಲ್ಲ. ರೋಗಿಗಳ ಮನೆಯವರಿಗೆ ನಾನು ಇದನ್ನು ಹೇಳುತ್ತಿದ್ದದ್ದು ಹೀಗೆ: ಸುಬ್ರಹ್ಮಣ್ಯದ ಬಸ್ಸಿನ ಸೀಟಿಗೆ ಕಿಟಕಿಯಿಂದ ಹೆಗಲ ಮೇಲಿನ ಟವೆಲು, ನಮ್ಮ ಬೈರಾಸು, ಹಾಕಿ ಜಾಗ ಹಿಡಿಯುತ್ತಾರಲ್ಲ, ಹಾಗೆ. ಬೈರಾಸು ಪ್ರಯಾಣ ಮಾಡುವುದಿಲ್ಲ, ಆದರೆ ಇನ್ನೊಬ್ಬ ಕೂರುವ ಹಾಗೂ ಇಲ್ಲ. ಎಲ್ಲರಿಗೂ ಅರ್ಥವಾಗುತ್ತಿತ್ತು.

ಈ ಮಾತ್ರೆಯಲ್ಲೂ ಎಚ್ಚರಿಕೆ ಬೇಕು. ಲಿವರ್ ಪರೀಕ್ಷೆ ಮಾಡಿಸಬೇಕು. ಅಫೀಮಿನ ಜಾತಿಯ ನೋವಿನ ಮಾತ್ರೆ ತಿನ್ನುವವರಿಗೆ ಕೊಡುವ ಹಾಗಿಲ್ಲ. ಕೊಟ್ಟರೆ ಆ ಮಾತ್ರೆ ಹಠಾತ್ತಾಗಿ ನಿಂತಂತಾಗಿ, ಮೈಕೈ ಮುರಿತ, ವಾಂತಿ, ಭೇದಿ ಶುರುವಾಗಿ ಮನುಷ್ಯ ಒದ್ದಾಡಿಹೋಗುತ್ತಾನೆ. ಒಬ್ಬ ಲಾರಿ ಚಾಲಕ ನೋವಿನ ಮಾತ್ರೆ ಇಲ್ಲವೇ ಇಲ್ಲ ಎಂದಿದ್ದ. ಈ ಹೊತ್ತಿಗೆ ನಾನು ಹಾಳೆಯನ್ನು ನಂಬುವುದು ಬಿಟ್ಟಿದ್ದೆ. ಮನೆಯಲ್ಲಿ, ಲಾರಿಯಲ್ಲಿ, ಕಿಸೆಯಲ್ಲಿ ಇರುವ ಎಲ್ಲ ಮಾತ್ರೆಯನ್ನೂ ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ತುಂಬಿಸಿ ತನ್ನಿ ಎಂದೆ. ತೊಟ್ಟೆಯಲ್ಲಿ ಅದೇ ಜಾತಿಯ ಮಾತ್ರೆಯ ಮೂರು ಪಟ್ಟಿ ಇತ್ತು. ಅದು ನೋವಿನದ್ದಲ್ಲ ಸಿಸ್ಟರೇ, ಘಾಟಿ ಹತ್ತುವಾಗ ಸೊಂಟಕ್ಕೆ ಧೈರ್ಯಕ್ಕೆ ತಿನ್ನುವುದು ಎಂದ. ನೀವೂ ತೊಟ್ಟೆ ತರಿಸಿ. ಪ್ರಶ್ನೆಗೆ ಜನ ತಮ್ಮ ಮಾತಿನಲ್ಲಿ ಉತ್ತರಿಸುತ್ತಾರೆ, ನಮ್ಮ ಮಾತಿನಲ್ಲಲ್ಲ.

ನಾಲ್ಕನೆಯ ವರ್ಷ ಮಳೆ ಬಿಟ್ಟ ಮೇಲೆ ಸುಶೀಲಾ ಮೋನಪ್ಪಣ್ಣನನ್ನು ಮತ್ತೆ ಕರೆತಂದಳು. ಕಣ್ಣು ಸ್ವಲ್ಪ ಹಳದಿಯಾಗಿತ್ತು, ಲೋಟ ಹಿಡಿಯಲು ಎರಡು ಕೈ ಬೇಕಿತ್ತು. ಮೊದಲ ವಾರಗಳು ಬರೀ ದೇಹ ಸರಿಪಡಿಸುವುದರಲ್ಲಿ ಹೋದವು. ಲಿವರಿನ ವರದಿ ಸುಧಾರಿಸಿದ ಮೇಲೆ ಡಾಕ್ಟರಮ್ಮ ಹೊಸ ಮಾತ್ರೆಯ ವಿಷಯ ಹೇಳಿದರು. ಅವನು ಕಿವಿಗೊಟ್ಟು ಕೇಳಿ, ಪಂಪಿಗೆ ಗಾಳಿ ಹಿಡಿದ ಹಾಗೆಯಾ ಎಂದ. ಮೋಟಾರು ತಿರುಗುತ್ತದೆ, ನೀರು ಮೇಲೆ ಬರುವುದಿಲ್ಲ. ಡಾಕ್ಟರಮ್ಮ ಪಂಪು ನೋಡಿದವರಲ್ಲ. ಹೌದು ಎಂದು ನಾನೇ ಹೇಳಿದೆ.

ಆಮೇಲೆ ಅವನು ಒಂದೇ ಪ್ರಶ್ನೆ ಕೇಳಿದ.

"ಡಾಕ್ಟ್ರೇ, ಇದರ ಮೇಲೆ ಪ್ರಸಾದ ಬಾಯಿಗೆ ಹೋದ್ರೆ ಎಂತ ಆಗ್ತದೆ?"

ಹಳೆಯ ಮಾತ್ರೆಯ ಹಾಗೆ ಏನೂ ಆಗುವುದಿಲ್ಲ, ಆದರೆ ಕುಡಿಯಿರಿ ಎಂದು ನಾನು ಹೇಳುತ್ತಿಲ್ಲ ಎಂದರು ಅವರು. ಅವನು ತಲೆ ಆಡಿಸಿ, ಹೋಗಲಿ, ಆ ಕೆಲಸ ಈಗ ನನ್ನದಲ್ಲವಲ್ಲ ಎಂದು ನಕ್ಕ. ಆ ನಗೆಯನ್ನು ನನಗೆ ನೋಡಲಾಗಲಿಲ್ಲ. ಮನಸ್ಸಿನಿಂದ ಬಿಟ್ಟುಹೋದ ಕೆಲಸದ ಬಗ್ಗೆ ಯಾರು ಹಾಗೆ ಕೇಳುತ್ತಾರೆ?

ಡಾಕ್ಟರಮ್ಮ ಹೊರಗೆ ಹೋದ ಮೇಲೆ ನಾನು ಅವನ ಮಂಚದ ಪಕ್ಕ ಸ್ಟೂಲಿನಲ್ಲಿ ಕೂತೆ. ಹಾಗೆ ಕೂರುವುದು ನನ್ನ ಕ್ರಮವಲ್ಲ. ಆ ಸಂಜೆ ನಿಮ್ಮನ್ನು ಬೀಳಿಸಿದ್ದು ನಾನು ಕೊಟ್ಟ ಮಾತ್ರೆ, ದೈವವಲ್ಲ ಎಂದು ಹೇಳಿದೆ. ಪ್ರಸಾದದ ಬಗ್ಗೆ ನಾನು ಕೇಳಬೇಕಿತ್ತು, ಕೇಳಲಿಲ್ಲ. ನಿಮ್ಮ ಮನೆಯವರಿಗೆ ಹೇಳಬೇಕಿತ್ತು, ಹೇಳಲಿಲ್ಲ. ಅವನು ಹೊದಿಕೆಯ ಅಂಚನ್ನು ಮಡಚಿ, ಬಿಡಿಸಿ, ಮತ್ತೆ ಮಡಚಿದ.

"ಇದನ್ನು ನನಗೆ ಹೇಳಿ ಎಂತ ಪ್ರಯೋಜನ ಸಿಸ್ಟರೇ?" ಎಂದ ಕೊನೆಗೆ. "ಐತ್ತಪ್ಪಜ್ಜನಿಗೆ ಹೇಳಿ."

ಐತ್ತಪ್ಪಜ್ಜ ಅವನ ತಂದೆಯ ಚಿಕ್ಕಪ್ಪ, ಕುಟುಂಬದ ಹಿರಿಯ. ಎಂಬತ್ತು ದಾಟಿದವರು. ಡಾಕ್ಟರಮ್ಮನಿಗೆ ಎಲ್ಲವನ್ನೂ ತಿಳಿಸಿ ಅವರ ಒಪ್ಪಿಗೆ ಪಡೆದೆ. ಅವರು ಒಂದು ಮಾತು ಸೇರಿಸಿದರು: ಹೋಗುವಾಗ, ಪ್ರಸಾದ ಕುಡಿಯಲೇಬೇಕಾ, ತುಟಿಗೆ ತಾಗಿಸಿದರೆ ಸಾಕಾ, ಅದನ್ನೂ ಕೇಳಿಕೊಂಡು ಬನ್ನಿ.

ಭಾನುವಾರ ಬೆಳಿಗ್ಗೆ ಹೋದೆ. ಅಜ್ಜ ಜಗಲಿಯಲ್ಲಿ ಕೂತು ಎಲೆ ಅಡಿಕೆ ಕುಟ್ಟಿಸಿಕೊಳ್ಳುತ್ತಿದ್ದರು. ಶೇಖರ ಇದ್ದ, ಸುಶೀಲಾ ಬಾಗಿಲ ಬಳಿ ನಿಂತಿದ್ದಳು. ನಾನು ಬಂದ ವಿಷಯವನ್ನು ಸುತ್ತಿಬಳಸದೆ ಹೇಳಿದೆ. ಯಾವ ಮಾತ್ರೆ, ಅದರ ಗುಣ ಏನು, ನನ್ನ ಹಾಳೆಯಲ್ಲಿ ಏನಿರಲಿಲ್ಲ, ಆ ದಿನ ಯಾಕೆ ಬಾಯಿ ಮುಚ್ಚಿಕೊಂಡೆ. ಅಜ್ಜ ಕುಟ್ಟುವುದನ್ನು ನಿಲ್ಲಿಸಲು ಕೈ ಮಾಡಿದರು.

"ಆಸ್ಪತ್ರೆಯಿಂದ ಇಲ್ಲಿಗೆ ನಾಲ್ಕು ವರ್ಷದ ದಾರಿಯಾ ಸಿಸ್ಟರೇ?"

ಶೇಖರ ಸಿಟ್ಟಿನಿಂದ, ಇದೆಲ್ಲ ಅಣ್ಣ ಕಳಿಸಿ ಹೇಳಿಸುವ ಮಾತು, ಕುಡುಕನಿಗೆ ಮತ್ತೆ ದೊನ್ನೆ ಕೊಟ್ಟರೆ ಊರು ನಗುತ್ತದೆ ಎಂದ. ನಾಲ್ಕು ವರ್ಷ ಆ ಕೆಲಸ ಮಾಡಿದ್ದ ಅವನಿಗೂ ಅದರ ಮೇಲೆ ಮನಸ್ಸು ಕೂತಿತ್ತು, ತಪ್ಪೆನ್ನಲಾಗದು. ಅಜ್ಜ ಅವನನ್ನು ತಡೆದು, ಸುಶೀಲಾಳ ಕಡೆ ತಿರುಗಿ, ಆ ಮಾತ್ರೆ ತಿನ್ನುತ್ತಿದ್ದಷ್ಟು ದಿನ ಅವನು ಕುಡಿದದ್ದು ಉಂಟಾ ಎಂದು ಕೇಳಿದರು. ಒಂದು ದಿನವೂ ಇಲ್ಲ ಅಜ್ಜ ಎಂದಳು ಅವಳು. ಅಜ್ಜ ಶೇಖರನ ಕಡೆ ತಿರುಗಿದರು.

"ಮಾತ್ರೆ ಮಾಡಿದ ಕೆಲಸವನ್ನು ನಾವು ದೈವದ ತಲೆಗೆ ಕಟ್ಟಿದೆವು ಮಾರಾಯ. ಅದು ಸಣ್ಣ ತಪ್ಪಲ್ಲ. ತಪ್ಪುಕಾಣಿಕೆ ಇಡಬೇಕಾದ್ದು ಮೋನಪ್ಪ ಅಲ್ಲ, ನಾವು."

ನಾನು ಡಾಕ್ಟರಮ್ಮನ ಪ್ರಶ್ನೆ ಕೇಳಿದೆ. ಅದಕ್ಕೆ ಅಜ್ಜ ಯೋಚಿಸಲೂ ಇಲ್ಲ.

"ತುಟಿಗೆ ತಾಗಿದ್ರೆ ಸಾಕು. ಮನುಷ್ಯನ ಹೊಟ್ಟೆಗೆ ಎಷ್ಟು ಹೋಯ್ತು ಅಂತ ನೋಡುದು ದೈವದ ಕೆಲಸವಾ?"

ಆ ಬೆಳಿಗ್ಗೆ ಹಿಂದಿರುಗುವಾಗ ನನಗೆ ನೆಮ್ಮದಿ ಆಗಲಿಲ್ಲ. ಒಂದು ಪ್ರಶ್ನೆ, ಒಂದು ಉತ್ತರ. ನಾಲ್ಕು ವರ್ಷ ಮೊದಲೇ ಯಾರಾದರೂ ಕೇಳಿದ್ದರೆ, ಹಳೆಯ ಮಾತ್ರೆಯ ಅಪಾಯವನ್ನು ಹೇಳಿ ಆ ವರ್ಷಕ್ಕೆ ದೊನ್ನೆಯನ್ನು ಬರೀ ಎತ್ತಿ ಇಳಿಸುವ ದಾರಿಯನ್ನಾದರೂ ಅವರೇ ಹುಡುಕುತ್ತಿದ್ದರು.

ಎಲ್ಲ ಒಮ್ಮೆಲೇ ಸರಿಯಾಯಿತು ಎಂದು ತಿಳಿಯಬೇಡಿ. ಮೊದಲ ವಾರ ಮಾತ್ರೆಯಿಂದ ಹೊಟ್ಟೆ ತೊಳೆಸಿ ಅವನು ಬೇಡ ಎಂದ. ಎರಡನೆಯ ತಿಂಗಳಲ್ಲಿ ಒಂದು ಮದುವೆಗೆ ಹೋಗಿ ಕುಡಿದ. ಮರುದಿನ ತಾನೇ ಬಂದು ಹೇಳಿದ: ಅರ್ಧ ಗ್ಲಾಸಿಗೆ ಇಟ್ಟು ಎದ್ದುಬಂದೆ, ಎಂತಕ್ಕೆ ಕುಡಿಯುವುದು ಎಂದೇ ತಿಳಿಯಲಿಲ್ಲ ಎಂದು. ಹಿಂದೆ ಬಾಟಲಿ ಮುಗಿಯದೆ ಏಳದವನು. ಡಾಕ್ಟರಮ್ಮ ಬೈಯಲಿಲ್ಲ, ಹೊಗಳಲೂ ಇಲ್ಲ. ಮಾತ್ರೆ ಬರೆದು, ವಾರಕ್ಕೊಮ್ಮೆ ಬಂದು ಮಾತಾಡಿ ಹೋಗಲು ಹೇಳಿದರು. ಅವನು ತಪ್ಪಿಸಲಿಲ್ಲ. ಮಾತ್ರೆ ಆಸೆಯ ಬಾಯಿ ಕಟ್ಟುತ್ತದೆ. ಬದುಕಲು ಬೇಕಾದ ಕಾರಣವನ್ನು ಮಾತ್ರೆ ಕೊಡುವುದಿಲ್ಲ. ಅದನ್ನು ಮನೆಯವರು ಕೊಡಬೇಕು. ಅವರು ಕೊಡಲು ತಯಾರಾಗಿದ್ದರು.

ಆ ವರ್ಷದ ಅಗೇಲಿಗೆ ಅಜ್ಜ ನನಗೂ ಹೇಳಿಕಳಿಸಿದ್ದರು. ಅಂಗಳದ ಆಚೆ ಹೆಂಗಸರ ಜತೆ ನಿಂತು ನೋಡಿದೆ. ಮೊದಲು ಅಜ್ಜ, ಆಮೇಲೆ ಕುಟುಂಬದ ಗಂಡಸರು ಒಬ್ಬೊಬ್ಬರಾಗಿ ತಪ್ಪುಕಾಣಿಕೆ ಇಟ್ಟರು. ಕೊನೆಯವನು ಶೇಖರ. ಅವನು ಇಟ್ಟು, ಒಂದು ಕ್ಷಣ ನಿಂತು, ಸೌಟನ್ನು ಅಣ್ಣನ ಕೈಗೆ ಕೊಟ್ಟ. ಮೋನಪ್ಪಣ್ಣ ಬಡಿಸಿದ, ತಂದೆಯಿಂದ ಕಲಿತ ಪ್ರಾರ್ಥನೆಯ ಮಾತುಗಳನ್ನು ಎಲ್ಲೂ ತಡವರಿಸದೆ ಹೇಳಿದ. ಅವನು ದೊನ್ನೆ ಎತ್ತಿದಾಗ ಸುಶೀಲಾ ನನ್ನ ಮಣಿಕಟ್ಟು ಹಿಡಿದಳು. ಅವನು ತುಟಿಗೆ ತಾಗಿಸಿ, ದೊನ್ನೆಯನ್ನು ಪಕ್ಕದವನಿಗೆ ದಾಟಿಸಿದ.

ಹತ್ತು ನಿಮಿಷ ಕಳೆಯಿತು; ನಾನು ಗಡಿಯಾರ ನೋಡುತ್ತಲೇ ಇದ್ದೆ. ಗಂಡಸರು ಉಳಿದ ಬಾಟಲಿಯೊಂದಿಗೆ ಅಂಗಳದ ಮೂಲೆಗೆ ಹೊರಟರು. ಹಿಂದೆ ಅವನೂ ಶುರು ಮಾಡುತ್ತಿದ್ದದ್ದು ಅಲ್ಲಿಂದಲೇ. ಅವರಲ್ಲೊಬ್ಬ ತಿರುಗಿ, ಬರುವುದಿಲ್ಲವಾ ಎಂದು ಕೇಳಿದ. ಮೋನಪ್ಪಣ್ಣ ಕೈ ತೊಳೆದು, ಎಲೆ ಹಾಕಿದಲ್ಲಿ ಹೋಗಿ ಕೂತ.

"ನೀವು ಹೋಗಿ ಮಾರಾಯ್ರೆ. ನನಗೆ ಹಸಿವಾಗ್ತದೆ," ಎಂದ. ಆಮೇಲೆ ಅಂಗಳದಾಚೆಗೆ ಕೇಳುವಂತೆ, "ಸುಶೀಲಾ, ಅನ್ನ ಹಾಕು."

ಸುಶೀಲಾ ನನ್ನ ಕೈ ಬಿಟ್ಟು ಒಳಗೆ ಓಡಿದಳು. ಅವನು ಹೀಗೆ ಅನ್ನ ಕೇಳದೆ ಎಷ್ಟು ವರ್ಷವಾಯಿತೆಂದು ಅವಳಿಗೇ ಗೊತ್ತು.